ದೇವರಿಗೆ ಬಿಟ್ಟ ದಾರಿ

ಕೆರೂರ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಮರೆವ್ವನ ಮಾತು ಖಡಕ್ಕು. ಮಗಳು ಭೂಮಿಕಾಗೆ ಆಟಿಸಂ. ಗದ್ದಲ ತಡೆಯದ ಆ ಹುಡುಗಿಗೆ ಪುಟಾಣಿ ರೈಲೆಂದರೆ ಜೀವ. ಅದಕ್ಕೇ ಮರೆವ್ವ ಅವತ್ತು ಆ ರೈಲಿರುವ ಪಾರ್ಕಿಗೆ ಅವಳನ್ನು ಕರೆತಂದಿದ್ದಳು.

ರೈಲಿನ ಸಾಲಿನಲ್ಲಿ, ಸ್ಪೀಕರಿನ ಅಬ್ಬರಕ್ಕೆ ಭೂಮಿಕಾ ಕಿವಿ ಮುಚ್ಚಿಕೊಂಡು ತೂಗಾಡತೊಡಗಿದಳು.

"ಆಕಿಗೆ ಆರಾಮಿಲ್ರಿ, ಮುಂದ ಬಿಡ್ರಿ" ಎಂದು ಮರೆವ್ವ ಎರಡು ಸಲ ಕೇಳಿದಳು. ಯಾರೂ ಕದಲಲಿಲ್ಲ.

ಅಷ್ಟರಲ್ಲಿ ಮುದುಕಿಯೊಬ್ಬಳು, "ಬೀರಪ್ಪ ಮೈಮ್ಯಾಲ ಬಂದಾನ!" ಎನ್ನುತ್ತ ಹುಡುಗಿಯ ಹಣೆಗೆ ಭಂಡಾರದ ಅರಿಶಿನ ಹಚ್ಚಲು ಬಂದಳು. ಕೂಡಲೇ ಎಲ್ಲರೂ ಕೈಮುಗಿದು ದಾರಿ ಬಿಟ್ಟರು.

ಮರೆವ್ವನ ಮನೆದೇವರೂ ಬೀರಪ್ಪನೇ. ಸುಮ್ಮನಿದ್ದರೆ ರೈಲು ಸಿಗುತ್ತಿತ್ತು. ಅವಳು ಮುದುಕಿಯ ಕೈ ತಡೆದಳು.

"ದೇವರಲ್ಲಬೇ, ನನ್ನ ಮಗಳು. ಗದ್ಲಕ್ಕ ಅಂಜ್ಯಾಳ."

ಮುಗಿದ ಕೈಗಳು ಇಳಿದವು. ಸಾಲು ಮತ್ತೆ ಕೂಡಿಕೊಂಡಿತು.