ಗುಳ್ಳೆಯಿಲ್ಲದ ಬಾಟಲಿ

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಗುಳ್ಳೆಯಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ. ಅವಳೂ ಓಗೊಡುತ್ತಿದ್ದಳು. ನೆಲದಡಿಯ ನೀರನ್ನು ಬಾಟಲಿಗೆ ತುಂಬಿ ಲ್ಯಾಬಿಗೆ ಕಳಿಸುವುದು ಅವಳ ಕೆಲಸ. ಹೆಬ್ಬೆರಳಿಗಿಂತ ಕೊಂಚ ದಪ್ಪನೆಯ ಗಾಜಿನ ಬಾಟಲಿ. ನೀರು ಅದರ ಬಾಯಿಯ ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಬೇಕು, ಮುಚ್ಚಳ ತಿರುಗಿಸಬೇಕು, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ನೋಡಬೇಕು. ಒಳಗೆ ಒಂದು ಗುಳ್ಳೆ ಮೇಲೆದ್ದಿತೋ, ಆ ಬಾಟಲಿ ಕಸಕ್ಕೆ. ಹೊಸದಾಗಿ ಸೇರಿದವರು ಯಾರಾದರೂ "ಇಷ್ಟು ಸಣ್ಣ ಗುಳ್ಳೆಯಿಂದ ಏನಮ್ಮ ಆಗತ್ತೆ?" ಎಂದರೆ ಇವಳಿಗೆ ಮೈ ಉರಿದುಹೋಗುತ್ತಿತ್ತು.

"ನಾವು ಹುಡುಕ್ತಿರೋ ವಿಷ ಗಾಳಿ ಸಿಕ್ಕಿದ್ರೆ ಸಾಕು, ನೀರು ಬಿಟ್ಟು ಹಾರಿಹೋಗತ್ತೆ ಕಣಪ್ಪ. ಆಮೇಲೆ ಲ್ಯಾಬಿನವರು ನೀರು ಚೆನ್ನಾಗಿದೆ ಅಂತ ಬರೀತಾರೆ. ಕುಡಿಯೋದು ಯಾರು, ನಿಮ್ಮಪ್ಪನಾ?"

ಹೊಸಬರು ಇನ್ನೊಂದು ಬಾಟಲಿ ತುಂಬುತ್ತಿದ್ದರು.

ಆ ಜಾಗ ಹಿಂದೆ ಒಂದು ದೊಡ್ಡ ಯಾರ್ಡು. ಸುತ್ತಲಿನ ಕಾರ್ಖಾನೆಗಳಲ್ಲಿ ಲೋಹದ ಜಿಡ್ಡು ತೊಳೆದು ಉಳಿದ ದ್ರಾವಕವನ್ನು ಡ್ರಮ್ಮುಗಳಲ್ಲಿ ತಂದು ಅಲ್ಲಿ ಇಳಿಸುತ್ತಿದ್ದರು. ಸರಿಯಾಗಿ ವಿಲೇವಾರಿ ಮಾಡುತ್ತೇವೆ ಎಂದು ಒಪ್ಪಿಕೊಂಡಿದ್ದ ಕಂಪನಿ ಡ್ರಮ್ಮುಗಳನ್ನು ಬಿಸಿಲು ಮಳೆಗೆ ಬಿಟ್ಟು ಹಾಯಾಗಿ ಕೂತಿತು. ಡ್ರಮ್ಮು ತುಕ್ಕು ಹಿಡಿಯಿತು, ಸೋರಿತು, ಸೋರಿದ್ದನ್ನು ನೆಲ ಕುಡಿಯಿತು. ಹಿಂಬದಿಯ ಬೀದಿಯವರ ಬಾವಿ ನೀರಿನಲ್ಲಿ ಒಂಥರಾ ಸಿಹಿ ವಾಸನೆ ಬರತೊಡಗಿ, ಅವರು ಕೊಡ ಹಿಡಿದು ಇಲಾಖೆಯ ಮೆಟ್ಟಿಲ ಮೇಲೆ ಕೂತ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಕಂಪನಿ ತನ್ನ ಖರ್ಚಿನಲ್ಲೇ ಇಡೀ ಜಾಗವನ್ನು ಶುದ್ಧ ಮಾಡಬೇಕು, ಇಲಾಖೆ ಒಪ್ಪಿ ಸಹಿ ಹಾಕುವ ತನಕ ಕೈ ತೊಳೆದುಕೊಳ್ಳುವ ಹಾಗಿಲ್ಲ ಎಂದು ಆದೇಶವಾಯಿತು. ಮಣ್ಣು ಅಗೆದು ಲಾರಿಗಳಲ್ಲಿ ಸಾಗಿಸಿದರು. ಆಳದಿಂದ ನೀರೆತ್ತಿ, ಅದಕ್ಕೆ ಗಾಳಿ ಹೊಡೆದು ವಿಷ ಬಿಡಿಸುವ ಪಂಪು ಕೂರಿಸಿದರು. ನೀರು ಎಷ್ಟು ಸುಧಾರಿಸಿದೆ ಎಂದು ನೋಡಲು ಯಾರ್ಡಿನ ಸುತ್ತ ಕೊಳವೆಯಂಥ ಸಣ್ಣ ಪರೀಕ್ಷೆ ಬಾವಿಗಳನ್ನು ಕೊರೆದರು. ಆ ಬಾವಿಗಳೆಲ್ಲ, ಕಂಪನಿ ದುಡ್ಡು ಕೊಟ್ಟು ನೇಮಿಸಿದ ಪರೀಕ್ಷೆ ಕಚೇರಿಯಲ್ಲಿದ್ದ ಗುಳ್ಳೆಯಮ್ಮನ ಸುಪರ್ದಿಗೆ ಬಂದವು.

ಒಂಬತ್ತನೇ ಬಾವಿ ಹಿಂಬದಿಯ ಗೋಡೆಗೆ ಅಂಟಿಕೊಂಡಿತ್ತು. ಗೋಡೆಯ ಆಚೆ ಬೀದಿ. ಬೀದಿಯ ಮೊದಲ ಮನೆಯೇ ಅವಳ ಅಕ್ಕನದು.

ಅಕ್ಕ ಎಂದರೆ ಬರೀ ಅಕ್ಕನಲ್ಲ. ಅಮ್ಮ ಬೇಗ ಹೋದಳು. ತಂಗಿಗೆ ಜಡೆ ಹಾಕಿದ್ದು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡದ್ದು, ಶಾಲೆ ಬಿಡುತ್ತೇನೆ ಎಂದು ಹಟ ಹಿಡಿದಾಗ ಕೆನ್ನೆಗೊಂದು ಬಿಟ್ಟು ಆಮೇಲೆ ತಾನೇ ಅತ್ತದ್ದು ಎಲ್ಲವೂ ಅಕ್ಕನೇ. ಅಕ್ಕನ ಹಿತ್ತಲಲ್ಲಿ ಅವರದೇ ಬಾವಿಯಿತ್ತು, ಅದರ ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಇಲಾಖೆಯ ಬೀಗ. ಬೀದಿಯ ನಲ್ಲಿ ಮನಸ್ಸು ಬಂದಾಗ ಬರುವಂಥದ್ದು. ಮಂಡಿ ನೋವಿನ ಅಕ್ಕ ಕೊಡ ಹೊತ್ತುಕೊಂಡು ನಲ್ಲಿಯಿಂದ ಮನೆಗೆ, ಮನೆಯಿಂದ ನಲ್ಲಿಗೆ ಅಲೆಯುತ್ತಿದ್ದಳು. ತಂಗಿ ಮನೆಗೆ ಬಂದರೆ ಮೊದಲ ಮಾತು ಅದೇ.

"ಏನಂತೇ ನಿನ್ನ ಬಾಟಲಿ?"

"ಇನ್ನೂ ಸ್ವಲ್ಪ ಇದೆ ಅಕ್ಕ. ಕಮ್ಮಿ ಆಗ್ತಿದೆ."

"ನಾನು ಸತ್ತ ಮೇಲೆ ಪೂರ್ತಿ ಕಮ್ಮಿ ಆಗತ್ತೆ ಬಿಡು."

ನಿಜಕ್ಕೂ ಕಮ್ಮಿಯಾಗುತ್ತಿತ್ತು. ಬೇರೆ ಬಾವಿಗಳೆಲ್ಲ ಒಂದೊಂದಾಗಿ ಪಾಸಾದವು. ಉಳಿದದ್ದು ಒಂಬತ್ತನೆಯದು ಮಾತ್ರ. ಅದೂ ಮಿತಿಯ ಹತ್ತಿರ ಹತ್ತಿರ ಬಂದಿತ್ತು, ಈ ಸಲ ಪಾಸಾಗುತ್ತದೆ ಎಂದು ಕಂಪನಿಯವರೂ ಇಲಾಖೆಯವರೂ ಒಂದೇ ಬಾಯಲ್ಲಿ ಹೇಳುತ್ತಿದ್ದರು.

ಆ ಕೊನೆಯ ಸ್ಯಾಂಪಲ್ಲಿನ ದಿನ ಕೈಪಂಪು ಕೈಕೊಟ್ಟಿತು. ಕೊಳವೆಯಲ್ಲಿ ನಿಂತಿದ್ದ ಹಳೆಯ ನೀರನ್ನೆಲ್ಲ ಹೊರಗೆಳೆದಿದ್ದಳು, ತಾಜಾ ನೀರು ಬರತೊಡಗಿತ್ತು, ಅಷ್ಟರಲ್ಲಿ ಪಂಪು ಗಾಳಿ ಎಳೆಯಲು ಶುರುಮಾಡಿತು. ತುಂಬಿದ ಬಾಟಲಿಯಲ್ಲೆಲ್ಲ ಗುಳ್ಳೆ. ಒಂದನ್ನು ಎಸೆದಳು, ಇನ್ನೊಂದನ್ನು ಎಸೆದಳು. ಪೆಟ್ಟಿಗೆಯಲ್ಲಿದ್ದ ಹೆಚ್ಚುವರಿ ಬಾಟಲಿಗಳೂ ಮುಗಿದವು. ಪಂಪನ್ನು ಬಿಚ್ಚಿ, ವಾಷರ್ ತಿರುಗಿಸಿ, ಮತ್ತೆ ಜೋಡಿಸುವ ಹೊತ್ತಿಗೆ ಅದು ಪೂರ್ತಿ ಸತ್ತೇಹೋಯಿತು. ಪಕ್ಕದಲ್ಲಿ ಬಕೆಟ್ಟು ಇತ್ತು. ಪಂಪು ಕೆಡುವ ಮೊದಲು ಎತ್ತಿದ್ದ ನೀರು ಅದರಲ್ಲಿ ಸುಡು ಬಿಸಿಲಿಗೆ ಬಾಯಿ ತೆರೆದುಕೊಂಡು ನಿಂತಿತ್ತು.

ಹೊಸ ಪಂಪು, ಹೊಸ ಬಾಟಲಿ ಬೇಕೆಂದರೆ ಊರಿನ ಆ ತುದಿಯಲ್ಲಿದ್ದ ಉಗ್ರಾಣಕ್ಕೆ ಹೋಗಬೇಕು. ಉಗ್ರಾಣದವನಿಗೆ ಎಲ್ಲರೂ ಇಟ್ಟಿದ್ದ ಹೆಸರು ಬೀಗಪ್ಪ. ಒಂದು ಬಾಟಲಿ ಕೊಡಬೇಕಾದರೂ ಮನೆ ಬರೆದುಕೊಡುವವನ ಹಾಗೆ ಮುಖ ಗಂಟಿಕ್ಕುವ ಆಸಾಮಿ. "ಏನಮ್ಮಾ, ಬಾಟಲಿ ತಿಂತೀರಾ?" ಎಂದು ಕೇಳುತ್ತಾನೆ. ಅಲ್ಲಿಗೆ ಹೋಗಿ ಬಂದರೆ ಸಂಜೆ, ಸಂಜೆಗೆ ಲ್ಯಾಬು ಮುಚ್ಚಿರುತ್ತದೆ, ನಾಳೆ ರಜೆ. ವ್ಯಾನಿನಲ್ಲಿ ಡ್ರೈವರ್ ಗೊರಕೆ ಹೊಡೆಯುತ್ತಿದ್ದ. ಇವಳಿಗೆ ಸೊಂಟ ನೋವು, ಹಸಿವು, ತಲೆಯ ಮೇಲೆ ಬಿಸಿಲು.

ಅದೇ ಬಾವಿಯ ನೀರು ತಾನೇ, ಎಂದುಕೊಂಡಳು.

ಎಸೆದಿದ್ದ ಬಾಟಲಿಗಳನ್ನೇ ಹೆಕ್ಕಿ, ಒಳಗಿನ ನೀರು ಚೆಲ್ಲಿ, ಬಕೆಟ್ಟಿನ ನೀರನ್ನು ಅವಕ್ಕೇ ತುಂಬಿದಳು. ಬಾಯಿಯ ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಿದಳು. ತಲೆಕೆಳಗು ಮಾಡಿ ತಟ್ಟಿದಳು. ಒಂದರಲ್ಲೂ ಗುಳ್ಳೆಯಿರಲಿಲ್ಲ, ಅಷ್ಟು ಅಚ್ಚುಕಟ್ಟು. ಯಾರ ಬಲವಂತವೂ ಇರಲಿಲ್ಲ, ಯಾರೂ ಆಸೆ ತೋರಿಸಿರಲಿಲ್ಲ. ಬರೀ ಸೋಮಾರಿತನ. ಇದನ್ನು ದೊಡ್ಡ ಮಾತಿನಲ್ಲಿ ಹೇಳಿ ಚಂದ ಮಾಡುವುದರಲ್ಲಿ ಅರ್ಥವಿಲ್ಲ.

ಲ್ಯಾಬಿನಿಂದ ಫಲಿತಾಂಶ ಬಂತು. ಒಂಬತ್ತನೇ ಬಾವಿಯಲ್ಲಿ ವಿಷ ಪತ್ತೆಯಾಗಿಲ್ಲ. ಮಿತಿಗಿಂತ ಕಡಿಮೆ ಎಂದಿದ್ದರೆ ಅವಳು ನಂಬಿಬಿಡುತ್ತಿದ್ದಳೋ ಏನೋ. ಎಳ್ಳಷ್ಟೂ ಇಲ್ಲ ಎಂದಾಗ, ಇದ್ದದ್ದೆಲ್ಲ ಬಕೆಟ್ಟಿನಿಂದಲೇ ಗಾಳಿಗೆ ಹಾರಿಹೋಗಿರಬೇಕು ಅನ್ನಿಸಿತು. ಕಚೇರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. "ಗುಳ್ಳೆಯಮ್ಮನ ಕೈಗುಣ!" ಎಂದರು. ಅವಳು ನಕ್ಕಳು. ಆ ಸಂಜೆ ಅಕ್ಕನ ಮನೆಗೆ ಹೋದಾಗಲೂ ಮುಖದ ಮೇಲೆ ಅದೇ ನಗು ಉಳಿದಿತ್ತು, ತೆಗೆದುಹಾಕಲು ಅವಳಿಗೆ ಧೈರ್ಯ ಬಂದಿರಲಿಲ್ಲ. ಅಕ್ಕ ಮುಖ ನೋಡಿಯೇ ಕೇಳಿದಳು.

"ಪಾಸಾ?"

"ಹೂಂ ಅಕ್ಕ. ಆದ್ರೆ ಇಲಾಖೆಯವರು ಸಹಿ ಹಾಕೋ ತನಕ..."

ಉಳಿದ ಮಾತು ಅಕ್ಕನ ಕಿವಿಗೆ ಬೀಳಲೇ ಇಲ್ಲ. ಅವಳು ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.

ಮುಂದಿನ ಸಲ ಹೋದಾಗ ಹಿತ್ತಲ ಬಾವಿಯ ಬೀಗ ಇರಲಿಲ್ಲ. ತುಕ್ಕು ಹಿಡಿದ ಬೀಗವನ್ನು ಅಕ್ಕನ ಅಳಿಯ ಒಂದೇ ಏಟಿಗೆ ಮುರಿದನಂತೆ. ಅಡುಗೆಮನೆಯಲ್ಲಿ ಕೊಡಗಳು ತುಂಬಿ ತುಳುಕುತ್ತಿದ್ದವು.

"ಅಯ್ಯೋ ಅಕ್ಕ! ಸಹಿ ಇನ್ನೂ ಆಗಿಲ್ಲ."

"ಸಹಿ ಯಾರಿಗೆ ಬೇಕೇ? ಬಾಟಲಿ ತುಂಬಿದ್ದು ನೀನು. ನಿನಗಿಂತ ದೊಡ್ಡ ಸಹಿ ಇದೆಯಾ?"

ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಯ ತನಕ ಬಂತು. ಹೇಳಿದರೆ ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ, ಬಾವಿಗೆ ಮತ್ತೆ ಬೀಗ ಬೀಳುತ್ತದೆ, ಅಕ್ಕ ಮತ್ತೆ ಕೊಡ ಹೊರಬೇಕು. ಒಂದು ವೇಳೆ ನೀರು ನಿಜಕ್ಕೂ ಚೆನ್ನಾಗಿದ್ದರೆ? ಇರಬಹುದಲ್ಲ. ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡು ಸುಮ್ಮನಾದಳು. ಅಕ್ಕ ಊಟಕ್ಕೆ ಬಡಿಸಿ, ಲೋಟದಲ್ಲಿ ನೀರಿಟ್ಟಳು. ಅವಳು ಆ ನೀರನ್ನು ನೋಡಿದಳು. ಅಕ್ಕ ಕುಡಿಯುತ್ತಿದ್ದಾಳೆ, ನಾನು ಕುಡಿಯದೆ ಹೇಗಿರಲಿ ಅನ್ನಿಸಿತು. ಗಟಗಟ ಕುಡಿದು ಲೋಟ ಮುಂದೆ ಹಿಡಿದಳು. ಇನ್ನೊಂದು ಲೋಟ ಕುಡಿದಳು. ತಪ್ಪು ಮಾಡಿದವಳಿಗೆ ಇದೇ ಶಿಕ್ಷೆ, ಆದದ್ದು ಇಬ್ಬರಿಗೂ ಆಗಲಿ ಎಂದು ಒಳಗೇ ಲೆಕ್ಕ ಹಾಕಿಕೊಂಡಳು. ವಿಚಿತ್ರವೆಂದರೆ ಅದರಿಂದ ಮನಸ್ಸು ಕೊಂಚ ಹಗುರಾಯಿತು. ಆಮೇಲೆ ಹೋದಾಗಲೆಲ್ಲ ಅದೇ ಅಭ್ಯಾಸ. ಒಳಗೆ ಕಾಲಿಟ್ಟವಳೇ ನೀರು ಕೇಳುತ್ತಿದ್ದಳು. ಅಕ್ಕ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು, ಒಲೆಯ ಪಕ್ಕ ನಿಂತು, ತಂಗಿ ಕುಡಿಯುವುದನ್ನು ನೋಡುತ್ತಿದ್ದಳು.

ಮನೆಗೆ ಹಿಂತಿರುಗಿದರೆ ಮಾತ್ರ ಆ ಹಗುರ ಉಳಿಯುತ್ತಿರಲಿಲ್ಲ. ಗಂಡ "ಏನಾಯ್ತೇ ನಿಂಗೆ, ಮಾತೇ ಇಲ್ಲ" ಎಂದರೆ "ಸೊಂಟ ನೋವು" ಎನ್ನುತ್ತಿದ್ದಳು. ಒಂದು ದಿನ ಅಕ್ಕನ ಬಾವಿಯಿಂದ ಸರಿಯಾಗಿ ಒಂದು ಬಾಟಲಿ ತುಂಬಿಕೊಂಡು ಬಂದಳು. ಲ್ಯಾಬಿನಲ್ಲಿ ಪರಿಚಯದವರಿದ್ದರು, ಸುಮ್ಮನೆ ನೋಡಿಕೊಡಿ ಎಂದರೆ ನೋಡಿಕೊಡುತ್ತಿದ್ದರು. ಲ್ಯಾಬಿನ ಬಾಗಿಲ ತನಕ ಹೋಗಿ ಹಿಂತಿರುಗಿ, ಬಾಟಲಿಯ ನೀರನ್ನು ಬಚ್ಚಲಿಗೆ ಸುರಿದಳು. ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ.

ಸಹಿಯ ಮೊದಲು ಬೀದಿಯವರ ಸಭೆ ಕರೆಯಬೇಕೆಂದು ನಿಯಮ. ಬೀದಿಯ ಕೊನೆಯ ಶಾಲೆಯ ಕೋಣೆಯಲ್ಲಿ, ಮಕ್ಕಳ ಪುಟ್ಟ ಬೆಂಚುಗಳ ಮೇಲೆ ದೊಡ್ಡವರೆಲ್ಲ ಮಂಡಿ ಮಡಚಿ ಕೂತರು. ಇಲಾಖೆಯ ಅಧಿಕಾರಿ ಸೌಮ್ಯ ದನಿಯ ಹೆಂಗಸು. ಫಲಿತಾಂಶ ಓದಿ ಹೇಳಿದರು. "ಇವತ್ತು ಸಹಿ ಆದ್ರೆ ನಾಳೆ ಪಂಪು ನಿಲ್ಲಿಸಿ ಬಿಚ್ಚಿಕೊಂಡು ಹೋಗ್ತಾರೆ. ಪರೀಕ್ಷೆ ಬಾವಿಗಳಿಗೆ ಸಿಮೆಂಟ್ ತುಂಬ್ತೀವಿ. ಆಮೇಲೆ ಯಾರೂ ನೀರು ಪರೀಕ್ಷೆ ಮಾಡಲ್ಲ. ಯಾರಿಗಾದ್ರೂ ಅನುಮಾನ ಇದ್ರೆ ಈಗಲೇ ಹೇಳಿ" ಎಂದರು.

ಮುದಿ ದರ್ಜಿಯೊಬ್ಬ ಎದ್ದ. "ಕಂಪನಿಯವರ ಪರೀಕ್ಷೆ ನಾವು ನಂಬಬೇಕಾ ತಾಯಿ?"

ಅವನ ಮಾತು ಮುಗಿಯುವ ಮೊದಲೇ ಅಕ್ಕ ಎದ್ದು ನಿಂತಿದ್ದಳು. "ಕಂಪನಿಯವರಲ್ಲ, ನನ್ನ ತಂಗಿ ತುಂಬಿದ ಬಾಟಲಿ ಅದು. ಒಂದು ಗುಳ್ಳೆ ಇದ್ರೂ ಎಸೆಯೋಳು. ನೀವು ಅವಳನ್ನ ನಂಬಲ್ವಾ?"

ಎಲ್ಲರೂ ಹಿಂದಿನ ಬೆಂಚಿನ ಕಡೆ ತಿರುಗಿದರು. ಗುಳ್ಳೆಯಮ್ಮ ತಲೆ ತಗ್ಗಿಸಿ ಕೂತಿದ್ದಳು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

"ಸಹಿ ಹಾಕಬೇಡಿ ಮೇಡಂ," ಎಂದಳು ಅವಳು. ದನಿ ಅವಳಿಗೇ ಕೇಳಿಸಲಿಲ್ಲ, ಎದ್ದು ನಿಂತು ಮತ್ತೆ ಹೇಳಬೇಕಾಯಿತು. "ಅದು ಬಾವಿಯಿಂದ ತುಂಬಿದ್ದಲ್ಲ. ಬಿಸಿಲಲ್ಲಿ ನಿಂತಿದ್ದ ಬಕೆಟ್ಟಿಂದ ತುಂಬಿದೆ. ಕೈಪಂಪು ಕೆಟ್ಟಿತ್ತು. ಇನ್ನೊಂದು ತರೋಕೆ ಬೇಜಾರಾಯ್ತು, ಅಷ್ಟೇ. ನೀರಲ್ಲಿ ಏನಿದೆ ಅಂತ ನಂಗೂ ಗೊತ್ತಿಲ್ಲ."

ಕೋಣೆಯಲ್ಲಿ ಗದ್ದಲವೆದ್ದಿತು. ಅಕ್ಕ ಮಾತ್ರ ಪುಟ್ಟ ಬೆಂಚಿನ ಮೇಲೆ ನಿಧಾನವಾಗಿ ಕೂತಳು, ಮತ್ತೆ ತಂಗಿಯ ಕಡೆ ತಿರುಗಿ ನೋಡಲಿಲ್ಲ.

ಮತ್ತೆ ಸ್ಯಾಂಪಲ್ ತೆಗೆದರು, ಬೇರೆಯವರು ತೆಗೆದರು. ವಿಷ ಇತ್ತು. ಮಿತಿಗಿಂತ ಮೇಲೆಯೇ ಇತ್ತು. ಬೀದಿಯ ಬಾವಿಗಳನ್ನೂ ನೋಡಿದರು, ಅಕ್ಕನ ಬಾವಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಪಂಪು ನಿಲ್ಲಲಿಲ್ಲ, ಹೊಸ ಬೀಗ ಬಿತ್ತು. ಗುಳ್ಳೆಯಮ್ಮನ ಕೈಯಿಂದ ಬಾಟಲಿ ಕಿತ್ತುಕೊಂಡು ಉಗ್ರಾಣದಲ್ಲಿ ಪೆಟ್ಟಿಗೆ ಒರೆಸುವ ಕೆಲಸ ಕೊಟ್ಟರು. ಬೀಗಪ್ಪ ಒಂದು ಕುಹಕವನ್ನೂ ಆಡದೆ ಅವಳಿಗೊಂದು ಸ್ಟೂಲು ಕೊಟ್ಟ. ಅಧಿಕಾರಿ ಅವಳನ್ನು ಕರೆಸಿ, "ತಪ್ಪು ದೊಡ್ಡದೇ. ಆದ್ರೆ ನೀವಾಗಿ ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಒಂದು ಬೀದಿ ಉಳಿಸಿದ್ರಿ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತು ಕೇಳಿ ಅವಳಿಗೆ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಅನ್ನಿಸಿತು.

ಕೊನೆಗೆ ಅಕ್ಕನ ಮನೆಗೆ ಹೋದಳು. ಅಕ್ಕ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಪಕ್ಕದಲ್ಲಿ ಚಾಪೆಯ ಮೇಲೆ ಮೊಮ್ಮಗಳು ಮಲಗಿದ್ದಳು. ಮಗುವಿನ ಎಳೆಯ ತೋಳಿನ ಮಡಿಕೆಯಲ್ಲಿ ಹತ್ತಿ ಅಂಟಿಸಿದ್ದರು, ಪರೀಕ್ಷೆಗೆ ರಕ್ತ ತೆಗೆದಿದ್ದ ಜಾಗ.

"ಅಕ್ಕಾ, ನಂಗೆ ನಾಲ್ಕು ಬಾರಿಸು. ಬೈ. ಏನಾದ್ರೂ ಮಾಡು."

ಅಕ್ಕ ಮಗುವಿನ ತೋಳಿನ ಹತ್ತಿಯನ್ನು ಮೆಲ್ಲಗೆ ಒತ್ತಿ ಕೂರಿಸಿದಳು. ಆಮೇಲೆ ಹೇಳಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನಾನು ಕುಡಿದಿದ್ದಕ್ಕೆ ಏನೂ ಇಲ್ಲ ಬಿಡೇ, ನಂದೇನು, ಮುದುಕಿ. ಈ ಮಗೂಗೆ ಮಾತ್ರ ನಾನು ನಲ್ಲಿ ನೀರೇ ಹೊತ್ತು ತಂದು ಕೊಡ್ತಿದ್ದೆ. ಎಷ್ಟೇ ಆಗ್ಲಿ ಹಸುಗೂಸು, ಸಹಿ ಆಗ್ಲಿ ಅಂತ. ಆಮೇಲೆ ನೀನು ಬಂದೆ. ನನ್ನ ಕಣ್ಣೆದುರಿಗೇ ಗಟಗಟ ಕುಡಿದೆ, ಮತ್ತೆ ಕೇಳಿ ಕುಡಿದೆ. ನನ್ನ ತಂಗಿಗಿಂತ ಈ ನೀರಿನ ವಿಷಯ ಗೊತ್ತಿರೋರು ಯಾರು ಅಂದ್ಕೊಂಡೆ. ಅವತ್ತಿಂದ ಇವಳಿಗೂ ಅದನ್ನೇ ಕುಡಿಸಿದೆ."