ತಾರಸಿಯ ಮೇಲೆ ಬಂದ ದೇವರು

ನನಗಿನ್ನೂ ಐವತ್ತು ತುಂಬಿರಲಿಲ್ಲ. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಅರಿಶಿನ ಕುಂಕುಮ ಕೊಟ್ಟರೂ ಮೊದಲ ಮಣೆ ನನ್ನದು. ಹಾಡು ಬರುತ್ತಿತ್ತು, ಜಂಬವೂ ಇತ್ತು. ಒಂದು ಶ್ರಾವಣ ಶುಕ್ರವಾರ ಹಾಡಿ ಮುಗಿಸಿ, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಏಳಹೋದೆ. ಮಂಡಿ ಜಪ್ಪಯ್ಯ ಅಂದರೂ ಕೇಳಲಿಲ್ಲ. ಆ ಮನೆಯ ಸೊಸೆಯರಿಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಿದರು, ಕಾಯಿ ಉರುಳಿ ಬಾಗಿಲ ತನಕ ಹೋಯಿತು. ಯಾರೋ ಕಿಸಕ್ಕೆಂದರು.

"ಕಾಲು ಜೋಮು ಹಿಡೀತು ಕಣ್ರೇ" ಅಂದೆ. ನಾಚಿಕೆಯಿಂದ ಮೈ ಹಿಡಿಯಷ್ಟಾಗಿತ್ತು.

ಆಮೇಲೆ ಕರೆಯಲು ಬಂದವರಿಗೆಲ್ಲ ಒಂದೊಂದು ನೆಪ. ತಲೆನೋವು, ನೆಂಟರು, ಉಪವಾಸ. ನೆಲದ ಮೇಲೆ ಕೂರಲಾರದ ಹೆಂಗಸನ್ನು ಮುದುಕಿಯರ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ ಎಂಬ ಭಯ ನನಗೆ.

ಕೋಲಾರದ ಡಾಕ್ಟರು ಎಕ್ಸ್‌ರೇ ನೋಡಿ ಮಂಡಿ ಸವೆದಿದೆ ಎಂದರು. ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದೆ. ಅಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳಿದ್ದಳು. ಅವಳೇ ತೈ ಚಿ ಕಲಿಸಿದ್ದು. "ಚೀನಾದ್ದು ಆಂಟಿ. ಅವಸರ ಮಾಡ್ಬೇಡಿ, ನೋವು ಜಾಸ್ತಿಯಾದ್ರೆ ನಿಲ್ಲಿಸ್ಬಿಡಿ." ಮಂಡಿಯನ್ನು ಚೂರೇ ಬಗ್ಗಿಸಿ ಮೈಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಮೆಲ್ಲಗೆ ಸಾಗಿಸಬೇಕು. ಕೈಗಳು ಕೆರೆಯ ನೀರನ್ನು ತಳ್ಳುವಂತೆ ಆಡಬೇಕು.

ನಡುಮನೆಯಲ್ಲಿ ಮಾಡಿದರೆ ನಮ್ಮ ಯಜಮಾನರು, "ಗಾಳಿಪಟ ಹಾರಿಸ್ತಿದೀಯೇನೇ?" ಎಂದು ನಕ್ಕರು. ಸಿಟ್ಟಿನಲ್ಲಿ ಗೋಡೆ ಹಿಡಿದುಕೊಂಡು ತಾರಸಿ ಹತ್ತಿದೆ. ಊರು ಏಳುವ ಮುಂಚೆ ಅಲ್ಲಿ ಯಾರ ಕಾಟವೂ ಇರುತ್ತಿರಲಿಲ್ಲ.

ಇರಲಿಲ್ಲ ಅಂದುಕೊಂಡಿದ್ದೆ. ಒಂದು ಶುಕ್ರವಾರ ತಲೆಗೆ ನೀರೆರೆದುಕೊಂಡು, ಕೂದಲು ಒಣಗಲೆಂದು ಬಿಟ್ಟು, ಉಸಿರು ತಪ್ಪಬಾರದೆಂದು ಹೂಂ ಹೂಂ ಎನ್ನುತ್ತ ತೂಗುತ್ತಿದ್ದೆ. ಹಣೆತುಂಬ ಕುಂಕುಮ ಬೇರೆ. ತಿರುಗಿದರೆ ಎದುರುಮನೆಯ ಅಮ್ಮ, ನಮ್ಮ ಬೀದಿಯ ಹಿರಿಯ ಮುತ್ತೈದೆ, ನಿಂಬೆಹಣ್ಣು ಕರ್ಪೂರ ಹಿಡಿದು ಏದುಸಿರು ಬಿಡುತ್ತ ನಿಂತಿದ್ದಾರೆ. ಬಾಯಿ ತೆರೆಯುವಷ್ಟರಲ್ಲಿ ನನ್ನ ಕಾಲಿಗೆ ಬಿದ್ದರು. ಭಕ್ತಿಗೂ ಬೈಗುಳಕ್ಕೂ ಅವರಿಗೆ ತೆಲುಗೇ ಮೊದಲು ಬರುತ್ತಿತ್ತು.

"ತಲ್ಲೀ, ನನ್ ಮೇಲೆ ಯಾಕಿಷ್ಟು ಕೋಪ? ಗುಡಿಗೆ ಬರ್ಲಿಲ್ಲ ಅಂತಾನಾ? ಮಂಡಿ ಕೇಳ್ಬೇಕಲ್ಲ ತಾಯಿ! ನೋವಿನ ವಿಷ್ಯ ಮನೇಲಿ ಯಾರಿಗೂ ಹೇಳಿಲ್ಲ. ನೀನು ಇವಳ ಮೈಮೇಲೆ ಬಂದು ತೂಗೋದು ನಮ್ಮನೆ ಕಿಟಕಿಯಿಂದ ಕಾಣ್ತು, ಇವತ್ತು ನಿನ್ನ ನೋಡ್ಲೇಬೇಕು ಅಂತ ಮೆಟ್ಲು ಮೇಲೆ ಕೂತು ಕೂತು ಹತ್ತಿದೀನಿ."

ನನ್ನ ತಾಯಿಯ ವಯಸ್ಸಿನವರು. ಆ ಕ್ಷಣ ತಾರಸಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ದೇವರ ಹಾಗೆ ಒಂದು ಮಾತು ಆಡಿದ್ದರೆ ಅವರೂ ಸಮಾಧಾನವಾಗಿ ಹೋಗುತ್ತಿದ್ದರು, ನನ್ನ ಗುಟ್ಟೂ ಉಳಿಯುತ್ತಿತ್ತು. ಆದರೆ ಅವರು ಏಳಲಾರದೆ ನೆಲಕ್ಕೆ ಕೈಯೂರಿ ತಡಕಾಡುತ್ತಿದ್ದರು. ಎತ್ತಲು ಬಗ್ಗಿದೆ, ನನ್ನಿಂದಲೂ ಆಗಲಿಲ್ಲ.

"ಅಮ್ಮಾ, ನನ್ ಮೇಲೆ ಯಾವ ದೇವ್ರೂ ಬಂದಿಲ್ಲ. ನಂಗೂ ಮಂಡಿನೋವು. ಇದು ಅದಕ್ಕೆ ಮಾಡೋ ವ್ಯಾಯಾಮ."

ಅವರು ಬಿದ್ದಲ್ಲಿಂದಲೇ ಕತ್ತೆತ್ತಿ ನೋಡಿದರು. "ಏಮೇ, ನಾನು ಬೀಳೋಕ್ ಮುಂಚೆ ಹೇಳ್ಬಾರ್ದಿತ್ತಾ?"

ಕೊನೆಗೆ ಯಜಮಾನರನ್ನು ಕೂಗಿ ಕರೆದು ಎತ್ತಿಸಬೇಕಾಯಿತು. ಮಧ್ಯಾಹ್ನದೊಳಗೆ ಬೀದಿಗೆಲ್ಲ ಸುದ್ದಿ.

ಮುಂದಿನ ಅರಿಶಿನ ಕುಂಕುಮಕ್ಕೆ ಯಾವ ನೆಪವೂ ಉಳಿದಿರಲಿಲ್ಲ. ಹೋದೆ. ಎಲ್ಲರೂ ನೆಲದ ಮೇಲೆ ಕೂತಿದ್ದಾರೆ, ನಟ್ಟನಡುವೆ ನನಗೊಂದು ಪ್ಲಾಸ್ಟಿಕ್ ಕುರ್ಚಿ. ಎಲ್ಲರ ತಲೆಗಿಂತ ಮೇಲೆ ಕೂತು ಅಷ್ಟು ಕುಗ್ಗಿದ್ದು ನನ್ನ ಜನ್ಮದಲ್ಲೇ ಇಲ್ಲ. ಹಾಡು ಹೇಳಿ ಎಂದರು. ಸೆರಗಿನ ಅಂಚು ಸುತ್ತುತ್ತ ಕೂತೆ.

ಆಗ ಎದುರುಮನೆಯ ಅಮ್ಮ ಬಂದರು. ತಮಗೆ ಹಾಕಿದ್ದ ಮಣೆಯನ್ನು ನೋಡಿದರು, ನನ್ನನ್ನು ನೋಡಿದರು.

"ನಂಗೂ ಒಂದು ಕುರ್ಚಿ ಹಾಕ್ರಮ್ಮ. ದೇವ್ರಿಗೇ ಮಂಡಿನೋವಂತೆ, ಇನ್ನು ನಂದೇನು?"

ಮನೆಯೆಲ್ಲ ಗೊಳ್ಳೆಂದಿತು. ಅವರು ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ನನ್ನ ಪಕ್ಕ ಕೂತು, ಮಂಡಿ ಸವರಿಕೊಳ್ಳುತ್ತ, "ಹೂಂ, ಹಾಡೇ" ಎಂದರು.

ಹಾಡಿದೆ. ತಲೆ ಮಾತ್ರ ಎತ್ತಲಿಲ್ಲ.