ಸೀಮೆಸುಣ್ಣದ ನಂದಿ ರಸ್ತೆ

ಥಿನ್ನರನ್ನು ಲೋಟಕ್ಕೆ ಸುರಿದು ವೈನ್ ಅಂತ ಕೊಟ್ಟ ಕೋತಿ ನಾನೇ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ಹುಡುಕೋದು ಬೇಡ.

ಮೊನ್ನೆ ಜಾಲಹಳ್ಳಿ ಕ್ರಾಸಿನಲ್ಲಿ ತಳ್ಳುಗಾಡಿಯ ತುಂಬ ಕಪ್ಪು ದ್ರಾಕ್ಷಿ. ಬಿಸಿಲಿಗೆ ಅಲ್ಲಲ್ಲಿ ಒಡೆದು, ಹುಳಿ ಬೆರೆತ ಸಿಹಿ ವಾಸನೆ ಬಸ್ಸಿನ ಹೊಗೆಯನ್ನೂ ದಾಟಿಕೊಂಡು ಬಂತು. ನನ್ನ ಬಸ್ಸೂ ಬಂತು, ಹೋಯಿತು. ನಾನು ನಿಂತೇ ಇದ್ದೆ...

ಪೀಣ್ಯದ ಸಣ್ಣದೊಂದು ಪ್ಲೇಟಿಂಗ್ ಶೆಡ್ಡು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸೈಕಲ್ ಹ್ಯಾಂಡಲ್ಲು, ನಲ್ಲಿಗಳನ್ನು ಕ್ರೋಮ್ ತೊಟ್ಟಿಗೆ ಅದ್ದಿ ಹೊಳಪು ಬರಿಸೋದು, ಶೆಡ್ಡಿನವರೆಲ್ಲ ಅಣ್ಣ ಅಂತ ಕರೆಯುತ್ತಿದ್ದ ಹಿರಿಯರ ಕೆಲಸ. ಒರೆಸಿ ಡಬ್ಬಕ್ಕೆ ತುಂಬೋದು ನನ್ನದು. ಅದಕ್ಕಿಂತ ಹೆಚ್ಚು, ಎಲ್ಲರ ದನಿ ತೆಗೆಯೋದು ನನ್ನದು. ಮಾಲೀಕರ ಗೊಣಗಾಟ, ಕಂಡಕ್ಟರ್ ಕೂಗು, ಮಾಲೀಕರೆದುರು ತೊದಲುವ ನಾನು... ಯಾರನ್ನೂ ಬಿಟ್ಟಿರಲಿಲ್ಲ. ಅಣ್ಣನ ಕೆಮ್ಮಿಗಂತೂ ಚಪ್ಪಾಳೆ ಗ್ಯಾರಂಟಿ.

ಅಣ್ಣನಿಗೊಂದು ಹುಚ್ಚು. ಒಂದು ಭಾನುವಾರ ಮೆಟಡೋರ್ ವ್ಯಾನು ಮಾಡಿಕೊಂಡು ನಾವೆಲ್ಲ ನಂದಿ ಬೆಟ್ಟದ ಕಡೆ ಹೋಗಬೇಕು. ಊಟದ ಹೊತ್ತಲ್ಲಿ ಸೀಮೆಸುಣ್ಣ ಹಿಡಿದು ನೆಲದ ಮೇಲೆ ರಸ್ತೆ ಬರೆಯೋರು. ನೆಲಮಂಗಲದಲ್ಲಿ ಇಡ್ಲಿ, ದೊಡ್ಡಬಳ್ಳಾಪುರದಲ್ಲಿ ಮಗ್ಗದ ಬೀದಿ ಸುತ್ತಿ ಕಾಫಿ, ಯಾವುದೋ ಕೆರೆ ಏರಿ ಮೇಲೆ ಬುತ್ತಿ, ಕೊನೆಗೆ ಬೆಟ್ಟದ ಬುಡದ ವೈನ್ ಕಾರ್ಖಾನೆ. ಅಣ್ಣನ ಮನೆ ತೋಟದ ದ್ರಾಕ್ಷಿ ಹಿಂದೆ ಹೋಗುತ್ತಿದ್ದದ್ದು ಅಲ್ಲಿಗೇ. ಗುರುತಿನ ಮೇಸ್ತ್ರಿಯೊಬ್ಬ ಪುಟ್ಟ ಲೋಟಗಳಲ್ಲಿ ರುಚಿ ತೋರಿಸ್ತಾನಂತೆ. ಸಂಜೆ ಕಸ ಗುಡಿಸಿದರೆ ರಸ್ತೆ ಅಳಿಸಿಹೋಗೋದು. ಮಾರನೇ ದಿನ ಮತ್ತೆ ಬರೆಯೋರು, ಇನ್ನೊಂದು ಊರು ಸೇರಿಸಿ.

"ಅಣ್ಣಾ, ಕುಡಿಯೋಕೆ ಅಷ್ಟು ದೂರ ಯಾಕೆ? ಮೂಲೆ ಅಂಗಡಿ ಸಾಲ್ದಾ?" ಅಂದಿದ್ದೆ.

"ಕುಡ್ಯಾಕಲ್ಲ ಕಣ್ಲಾ. ಪೀಪಾಯಿ ಬಾಯಿ ತೆಗೆದ್ರೆ ವಾಸ್ನೆ ಎದೆಗಂಟ ಇಳೀತದೆ. ಅದೊಂದ್ಸಲ ಬೇಕು ನಂಗೆ."

ಯಾಕೆ ಬೇಕು ಅಂತ ನಾನು ಕೇಳಲಿಲ್ಲ.

ಹೊರಡುವ ಹಿಂದಿನ ದಿನ, ವ್ಯಾನಿಗೆ ಹೇಳಿಯೂ ಆಗಿತ್ತು, ನಾನು ವೈನ್ ಮೇಸ್ತ್ರಿಯಾದೆ. ಹೆಗಲಿಗೆ ಒರೆಸೋ ಬಟ್ಟೆ, ಬಾಯಲ್ಲಿ ಬಾರದ ಇಂಗ್ಲಿಷು. "ಕಣ್ಣು ಮುಚ್ಚಿ ಸಾರ್! ಮೊದ್ಲು ಮೂಸ್ಬೇಕು, ಆಮೇಲೆ ಗುಟುಕು!" ಲೋಟದಲ್ಲಿ ಜಿಡ್ಡು ಒರೆಸೋ ಥಿನ್ನರ್. ಅಣ್ಣ ಮುಖ ಕಿವುಚಿ ಬೈತಾರೆ, ಆ ಬೈಗುಳವನ್ನೇ ನಾಳೆ ವ್ಯಾನಲ್ಲಿ ಮಾಡಿ ತೋರಿಸೋಣ ಅಂತ ನನ್ನ ಲೆಕ್ಕ. ದೂರ ಕೂತವರೇ ಮೂಗು ಮುಚ್ಚಿಕೊಂಡಿದ್ದರು. ಅಣ್ಣ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡರು.

"ಆಹಾ... ನಮ್ ತೋಟದ್ದೇ ಕಣ್ಲಾ."

ಎಲ್ಲರೂ ಗೊಳ್ಳೆಂದರು. ಅಷ್ಟರಲ್ಲಿ ಅಣ್ಣ ಲೋಟ ತುಟಿಗೇ ಎತ್ತಿದರು. ನಾನು ಹಾರಿ ಕೈಗೆ ಹೊಡೆದೆ. ನೆಲದ ಮೇಲಿನ ನೆಲಮಂಗಲ, ದೊಡ್ಡಬಳ್ಳಾಪುರ ಎಲ್ಲ ಒದ್ದೆಯಾದವು. ನಗು ನಿಂತಿತು.

"ಅಣ್ಣಾ, ಅದು ಥಿನ್ನರ್... ನಿಮಗೆ ವಾಸನೆನೇ ಬರಲ್ವಾ?"

"ವರ್ಸಾತು," ಅಂದರು, ತೊಟ್ಟಿಯ ಕಡೆ ನೋಡುತ್ತ. "ಈ ಒಗೆಗೆ ಮೂಗ್ನೊಳ್ಗೆ ತೂತು ಬಿದ್ದದಂತೆ, ಡಾಕ್ಟ್ರು ಏಳವ್ರೆ. ಆ ಪೀಪಾಯಿ ವಾಸ್ನೆ ಜೋರು, ಅದಾದ್ರೂ ಬಂದಾತು ಅಂದ್ಕಂಡಿದ್ದೆ."

ವ್ಯಾನು ಬೇಡ ಅಂತ ಅಣ್ಣನೇ ಹೇಳಿಕಳಿಸಿದರು. ಸೋಮವಾರ ಮತ್ತೆ ಅದೇ ತೊಟ್ಟಿ, ಅದೇ ಹೊಗೆ. ಸೀಮೆಸುಣ್ಣ ಮುಟ್ಟಲಿಲ್ಲ. ನಾನು ಬೇರೆ ಕಾರ್ಖಾನೆ ಸೇರಿದ ಮೇಲೆ ಒಂದು ದಿನ ಅಣ್ಣ ಹೋಗಿಬಿಟ್ಟರು ಅನ್ನೋ ಸುದ್ದಿ ಬಂತು. ಯಾವತ್ತು, ಹೇಗೆ ಅಂತ ಸುದ್ದಿ ತಂದವನಿಗೂ ಗೊತ್ತಿರಲಿಲ್ಲ...

ಮೊನ್ನೆ ಕಾಲು ಕೇಜಿ ದ್ರಾಕ್ಷಿ ತಗೊಂಡೆ. ತಿನ್ನಲಿಲ್ಲ, ದಾರಿಯುದ್ದಕ್ಕೂ ಮೂಸಿಕೊಂಡು ಬಂದೆ. ಪಕ್ಕದ ಸೀಟಿನವರು ಹುಚ್ಚ ಅಂದುಕೊಂಡಿರಬೇಕು. ನಾನು ಈಗಲೂ ಯಾರ ದನಿ ಬೇಕಾದರೂ ತೆಗೀತೀನಿ, ಒಂದನ್ನು ಬಿಟ್ಟು. ಅವತ್ತು ಅಣ್ಣ ಮೂಗಿನ ಮಾತು ಹೇಳಿದ ಮೇಲೆ, ಹೇಗಾದರೂ ಎಲ್ಲರನ್ನೂ ನಗಿಸೋಣ ಅಂತ, ನನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದ್ದೆ. ಅಣ್ಣನ ದನಿಯಲ್ಲೇ "ಆಹಾ... ನಮ್ ತೋಟದ್ದೇ" ಅಂದಿದ್ದೆ. ಯಾರೂ ನಗಲಿಲ್ಲ. ಅಣ್ಣ ಕೈ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತರು.

"ನನ್ ದನಿ ಮಾಡ್ತೀಯ, ಕೆಮ್ಮು ಮಾಡ್ತೀಯ. ಈ ಮೂಗ್ನೂ ಒಸಿ ಮಾಡ್ ತೋರ್ಸ್ಲಾ ಮಗಾ, ನೋಡಾನ."